ಕನ್ನಂಬಾಡಿಗೆ ಒಂದು ತೊಟ್ಟು ಉಪ್ಪುನೀರು

ನಮ್ಮನೆ ಫ್ರಿಜ್ ಮೇಲೆ ಒಂದು ಪುಟ್ಟ ಹೋಮಿಯೋಪತಿ ಬಾಟ್ಲಿದೆ, ಲೇಬಲ್ ಮೇಲೆ ನ್ಯಾಟ್ರಂ ಮ್ಯೂರ್ 30 ಅಂತ ಬರ್ದಿರುತ್ತೆ, ಬಿಸಿಲಲ್ಲಿ ದೇವರಾಜ ಮಾರ್ಕೆಟ್‌ಗೆ ಹೋಗಿಬಂದು ತಲೆ ಸಿಡೀತಿದ್ರೆ ಅಮ್ಮ ಅದ್ರಿಂದ ನಾಲ್ಕು ಗುಳಿಗೆ ಮುಚ್ಚಳಕ್ಕೆ ಉದುರಿಸ್ಕೊಂಡು, ಕೈ ತಾಗಿಸ್ದೆ ನಾಲಿಗೆ ಮೇಲೆ ಹಾಕ್ಕೊಂಡು, ಅರ್ಧ ಗಂಟೆ ಕಾಫಿ ಮುಟ್ಟದೆ ಕೂತ್ಕೊತಾಳೆ. ತಲೆನೋವು ಹೋಗುತ್ತೆ. ಫ್ಯಾನ್ ಕೆಳಗೆ ಅರ್ಧ ಗಂಟೆ ಕಣ್ಮುಚ್ಚಿ ಕೂತ್ರೆ ನಂದೂ ಹೋಗುತ್ತಲ್ಲಮ್ಮ ಅಂದ್ರೆ, "ನಿಂಗೇನ್ ಗೊತ್ತು ಸುಮ್ನಿರು" ಅಂತಾಳೆ.

ಆ ನ್ಯಾಟ್ರಂ ಮ್ಯೂರ್ ಅಂದ್ರೆ ಏನು ಅಂತ ಅಮ್ಮಂಗೆ ಹೇಳೋಕೆ ನಂಗೆ ಎರಡು ವರ್ಷ ಧೈರ್ಯ ಬರ್ಲಿಲ್ಲ. ಅದು ಉಪ್ಪು. ಸಾರಿಗೆ ಹಾಕೋ ಅದೇ ಉಪ್ಪು, ಸೋಡಿಯಂ ಕ್ಲೋರೈಡ್, ಹಳೇ ಲ್ಯಾಟಿನ್ ಹೆಸರಲ್ಲಿ.

ಹೋಮಿಯೋಪತಿ ಶುರು ಮಾಡಿದ್ದು ಸ್ಯಾಮ್ಯುಯಲ್ ಹಾನೆಮನ್ ಅನ್ನೋ ಜರ್ಮನ್ ಡಾಕ್ಟ್ರು. 1790ರಲ್ಲಿ ಮಲೇರಿಯಾಗೆ ಕೊಡೋ ಸಿಂಕೋನಾ ತೊಗಟೆಯನ್ನ ತಾನೇ ತಿಂದು ನೋಡಿದಾಗ ಮಲೇರಿಯಾ ತರದ್ದೇ ಲಕ್ಷಣ ಬಂತು ಅಂತ ಅವ್ರಿಗೆ ಅನ್ಸ್ತು, ಅಲ್ಲಿಂದ ಆರೋಗ್ಯವಂತರಲ್ಲಿ ಯಾವ ಲಕ್ಷಣ ಹುಟ್ಟಿಸುತ್ತೋ ಆ ಲಕ್ಷಣ ಇರೋ ಕಾಯಿಲೆಯನ್ನ ಅದೇ ವಸ್ತು ವಾಸಿ ಮಾಡುತ್ತೆ ಅನ್ನೋ ಸಿದ್ಧಾಂತ ಕಟ್ಟಿದ್ರು, 1810ರಲ್ಲಿ ಅದ್ನೇ ದೊಡ್ಡ ಗ್ರಂಥ ಮಾಡಿದ್ರು. ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕು ಅನ್ನೋ ಮಾತು ಕೇಳಿ ಬೆಳೆದ ನಮ್ಗೆ ಇದು ಥಟ್ಟಂತ ಒಪ್ಪಿಗೆ ಆಗ್ಬಿಡುತ್ತೆ. ಇದ್ರ ಜೊತೆಗಿನ ಎರಡನೇ ಸಿದ್ಧಾಂತದ ಹತ್ರ ಮಾತ್ರ ಸ್ವಲ್ಪ ನಿಂತು ನೋಡ್ಬೇಕು: ಔಷಧಿಯನ್ನ ತೆಳು ಮಾಡಿ ಕುಲುಕ್ತಾ ಹೋದಷ್ಟೂ ಅದ್ರ ಶಕ್ತಿ ಜಾಸ್ತಿ ಆಗುತ್ತೆ ಅನ್ನೋದು.

ಬಾಟ್ಲು ಮೇಲಿನ 30 ಅನ್ನೋದು ಮಿಲಿಗ್ರಾಂ ಅಲ್ಲ. ಒಂದು ತೊಟ್ಟು ಮೂಲ ಔಷಧಿಗೆ 99 ತೊಟ್ಟು ನೀರೋ ಆಲ್ಕೋಹಾಲೋ ಸೇರಿಸಿ ಜೋರಾಗಿ ಕುಲುಕಿದ್ರೆ 1ಸಿ, ಅದ್ರಲ್ಲಿ ಒಂದು ತೊಟ್ಟು ತಗೊಂಡು ಮತ್ತೆ 99 ಸೇರಿಸಿದ್ರೆ 2ಸಿ, ಹಿಂಗೆ ಮೂವತ್ತು ಸಲ ಮಾಡಿದ್ರೆ 30ಸಿ. ಯುವರಾಜ ಕಾಲೇಜಲ್ಲಿ ಬಿಎಸ್ಸಿ ಕೆಮಿಸ್ಟ್ರಿ ಓದೋವಾಗ ಪಿಪೆಟ್ ಹಿಡ್ಕೊಂಡು ನಾವು ಮಾಡ್ತಿದ್ದಿದ್ದೂ ಇದನ್ನೇ, ಆದ್ರೆ ಮೂರೋ ನಾಲ್ಕೋ ಸಲಕ್ಕೆ ನಿಲ್ಲಿಸ್ತಿದ್ವಿ, ಯಾಕಂದ್ರೆ ಅದಾದ್ಮೇಲೆ ಅಳೆಯೋಕೆ ಏನೂ ಉಳೀತಿರ್ಲಿಲ್ಲ.

ಈ ಲೆಕ್ಕ ನಮ್ಮ ಕಡೆಯವ್ರಿಗೆ ಅರ್ಥ ಆಗೋ ತರ ಹೇಳ್ಬೇಕು ಅಂದ್ರೆ ಕನ್ನಂಬಾಡಿಗೇ ಹೋಗ್ಬೇಕು. ಕಟ್ಟೆ 124.80 ಅಡಿ ತುಂಬಿದ್ರೆ ನೀರು 49.45 ಟಿಎಂಸಿ, ಅಂದ್ರೆ ಸುಮಾರು 1.4 ಲಕ್ಷ ಕೋಟಿ ಲೀಟರ್. ತುಂಬಿದ ಕಟ್ಟೆಗೆ ಮೇಲಿಂದ ಒಂದೇ ಒಂದು ತೊಟ್ಟು ಉಪ್ಪುನೀರು ಬಿಟ್ಟು, ಇಡೀ ಕಟ್ಟೆಯನ್ನ ಚೆನ್ನಾಗಿ ಕದಡೋಕೆ ಆಗುತ್ತೆ ಅಂತ ಅಂದ್ಕೊಳ್ಳಿ, ಅದು ಎಷ್ಟು ಸಿ ಆಗುತ್ತೆ ಗೊತ್ತಾ? ಎಂಟಕ್ಕಿಂತ ಚೂರು ಜಾಸ್ತಿ. ಬರೀ ಎಂಟು. 12ಸಿ ಮಾಡ್ಬೇಕು ಅಂದ್ರೆ ಆ ಒಂದು ತೊಟ್ಟಿಗೆ ಮೂರೂವರೆ ಕೋಟಿ ಕನ್ನಂಬಾಡಿ ಬೇಕು. ಅಮ್ಮನ ಬಾಟ್ಲು 30ಸಿ.

ಅಣುಗಳ ಲೆಕ್ಕದಲ್ಲಿ ನೋಡಿದ್ರೂ ಇದೇ ಕತೆ. ಒಂದು ಲೀಟರ್ ನೀರಿಗೆ 58 ಗ್ರಾಂ ಉಪ್ಪು ಕರಗಿಸಿದ್ರೆ ಅದ್ರಲ್ಲಿ ಹೆಚ್ಚುಕಮ್ಮಿ 6 ಮುಂದೆ 23 ಸೊನ್ನೆ ಹಾಕಿದಷ್ಟು ಉಪ್ಪಿನ ಕಣ ಇರುತ್ತೆ, ಅದೇ ಅವೊಗ್ಯಾಡ್ರೊ ಸಂಖ್ಯೆ. ತುಂಬಾ ದೊಡ್ಡ ನಂಬರ್, ಆದ್ರೆ ಪ್ರತಿ ಸಲ ನೂರು ಭಾಗ ಮಾಡ್ತಾ ಹೋದ್ರೆ 12ನೇ ಸಲಕ್ಕೆ ಒಂದು ಲೀಟರಿಗೆ ಒಂದು ಕಣ ಕೂಡ ಗ್ಯಾರಂಟಿ ಇಲ್ಲ, 30ನೇ ಸಲಕ್ಕೆ ಒಂದೇ ಒಂದು ಕಣ ಸಿಗ್ಬೇಕು ಅಂದ್ರೂ ಒಂದೂವರೆ ಲಕ್ಷ ಕೋಟಿ ಭೂಮಿಗಳ ಗಾತ್ರದಷ್ಟು ಔಷಧಿ ಕುಡೀಬೇಕು. ಹಾನೆಮನ್ ಅವ್ರನ್ನ ಇದಕ್ಕೆ ಬಯ್ಯೋ ಹಾಗಿಲ್ಲ, ಅವ್ರು ತೀರ್ಕೊಂಡಿದ್ದು 1843ರಲ್ಲಿ, ಅಣುಗಳ ಲೆಕ್ಕ ಮೊದಲ ಸಲ ಅಂದಾಜು ಸಿಕ್ಕಿದ್ದೇ 1865ರಲ್ಲಿ. ನಮ್ಗೆ ಆ ನೆಪ ಇಲ್ಲ.

ಉಪ್ಪಿನ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ಎಷ್ಟೇ ಶುದ್ಧ ಮಾಡಿದ ನೀರಲ್ಲೂ, ಗುಳಿಗೆ ಮಾಡೋ ಸಕ್ಕರೆಯಲ್ಲೂ, ಕೊನೆಗೆ ನಮ್ಮ ಎಂಜಲಲ್ಲೂ ಒಂಚೂರು ಉಪ್ಪು ಇದ್ದೇ ಇರುತ್ತೆ, 30ಸಿಯಲ್ಲಿ ಉಳಿದಿರ್ಬೋದಾದ ಉಪ್ಪಿಗಿಂತ ಅದು ಕೋಟಿ ಕೋಟಿ ಪಟ್ಟು ಜಾಸ್ತಿ. ಹಾಗಾದ್ರೆ ಯಾವ ಉಪ್ಪು ಔಷಧಿ, ಯಾವ ಉಪ್ಪು ಬರೀ ಉಪ್ಪು ಅಂತ ದೇಹಕ್ಕೆ ಹೇಳೋರು ಯಾರು? ಇದಕ್ಕೆ ನೀರಿಗೆ ನೆನಪಿದೆ ಅನ್ನೋ ಉತ್ತರ ಬರುತ್ತೆ. 1988ರಲ್ಲಿ ಫ್ರಾನ್ಸಿನ ಜಾಕ್ ಬೆನ್ವೆನಿಸ್ಟ್ ಅನ್ನೋ ವಿಜ್ಞಾನಿ ನೇಚರ್ ಪತ್ರಿಕೆಯಲ್ಲಿ ಹಂಗೊಂದು ಪ್ರಯೋಗ ಪ್ರಕಟ ಮಾಡಿದ್ರು, ಪತ್ರಿಕೆ ಸಂಪಾದಕರೇ ಒಂದು ತಂಡ ಕಟ್ಕೊಂಡು, ಜೇಮ್ಸ್ ರ‍್ಯಾಂಡಿ ಅನ್ನೋ ಜಾದೂಗಾರರನ್ನೂ ಜೊತೆಗೆ ಕರ್ಕೊಂಡು ಅವ್ರ ಲ್ಯಾಬ್‌ಗೆ ಹೋಗಿ, ಯಾವ ಟ್ಯೂಬಲ್ಲಿ ಏನಿದೆ ಅಂತ ಲೆಕ್ಕ ಮಾಡೋರಿಗೇ ಗೊತ್ತಾಗ್ದ ಹಾಗೆ ಮುಚ್ಚಿಟ್ಟು ಮತ್ತೆ ಮಾಡಿಸಿದ್ರು, ಎಫೆಕ್ಟ್ ಮಾಯ.

ನಮ್ಮ ದೇಶದಲ್ಲಿ ವಾದ ಮಾಡೋರು ಐಐಟಿ ಬಾಂಬೆ ಹೆಸರು ಎತ್ತೇ ಎತ್ತುತಾರೆ. 2010ರಲ್ಲಿ ಅಲ್ಲಿನವ್ರು ಅಂಗಡಿಯಲ್ಲಿ ಸಿಗೋ ಚಿನ್ನ, ತಾಮ್ರ, ತವರದ ಹೋಮಿಯೋಪತಿ ಔಷಧಿಗಳಲ್ಲಿ, 200ಸಿಯಲ್ಲೂ ಸಹ, ಲೋಹದ ನ್ಯಾನೋ ಕಣ ಸಿಕ್ತು ಅಂತ ಬರೆದ್ರು. ನಿಜಾನೇ ಇರ್ಬೋದು. ಆದ್ರೆ ಕಣ ಸಿಕ್ಕಿದ್ದು ಬೇರೆ ಮಾತು, ಆ ಕಣ ಕಾಯಿಲೆ ವಾಸಿ ಮಾಡುತ್ತೆ ಅನ್ನೋದು ಬೇರೆ ಮಾತು, ಎರಡನೇದನ್ನ ಅವ್ರು ನೋಡೇ ಇಲ್ಲ. ಅಲ್ದೆ ಉಪ್ಪು ನೀರಲ್ಲಿ ಕರಗೋ ವಸ್ತು, ಚಿನ್ನದ ಹಾಗೆ ಕಣ ಆಗಿ ತೇಲ್ತಾ ಉಳಿಯಲ್ಲ, ಹಾಗಾಗಿ ಅಮ್ಮನ ಬಾಟ್ಲಿಗೆ ಆ ಪೇಪರ್ ಏನೂ ಸಹಾಯ ಮಾಡಲ್ಲ.

ಸರಿ, ಈ ಕೆಮಿಸ್ಟ್ರಿ ಪೂರ್ತಿ ಪಕ್ಕಕ್ಕಿಡೋಣ. ಹೆಂಗೆ ಕೆಲ್ಸ ಮಾಡುತ್ತೋ ಗೊತ್ತಿಲ್ಲ, ಕೆಲ್ಸ ಮಾಡಿದ್ರೆ ಸಾಕಲ್ವಾ ಅನ್ನೋದು ನ್ಯಾಯವಾದ ಪ್ರಶ್ನೆ, ಆಸ್ಪಿರಿನ್ ಹೆಂಗೆ ನೋವು ಕಮ್ಮಿ ಮಾಡುತ್ತೆ ಅಂತ ಗೊತ್ತಾಗಿದ್ದು 1971ರಲ್ಲಿ, ಅದಕ್ಕೆ ಮುಂಚೆ 70 ವರ್ಷ ಜನ ಅದನ್ನ ನುಂಗ್ತಾನೇ ಇದ್ರು. ಹಾಗಾಗಿ ಕೇಳ್ಬೇಕಾದ ಪ್ರಶ್ನೆ ಇಷ್ಟೇ: ಗುಳಿಗೆ ತಗೊಂಡೋರಿಗೂ, ಗುಳಿಗೆ ತರಾನೇ ಕಾಣೋ ಬರೀ ಸಕ್ಕರೆ ತಗೊಂಡೋರಿಗೂ, ಯಾರಿಗೆ ಯಾವ್ದು ಅಂತ ಗೊತ್ತಿಲ್ದೆ ಇದ್ದಾಗ, ವ್ಯತ್ಯಾಸ ಕಾಣುತ್ತಾ?

ಇದನ್ನ ತುಂಬಾ ಹಿಂದೇನೇ ಕೇಳಿದ್ದು ಯಾವ್ದೋ ದೊಡ್ಡ ಔಷಧಿ ಕಂಪನಿ ಅಲ್ಲ, 1835ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಅನ್ನೋ ಊರಿನ ಸಾಮಾನ್ಯ ಜನ. ಅಲ್ಲಿ ಹೋಮಿಯೋಪತಿ ಜೋರಾಗಿತ್ತು, ಫಾನ್ ಹೋವನ್ ಅನ್ನೋ ದೊಡ್ಡ ಡಾಕ್ಟ್ರು ಅದೆಲ್ಲ ಬುರುಡೆ ಅಂತ ಬರೆದ್ರು, ಹೋಮಿಯೋಪತಿ ಕಡೆಯವ್ರು 30ಸಿ ಉಪ್ಪು ತಿಂದು ನೋಡಿ, ಏನಾದ್ರೂ ಆಗೇ ಆಗುತ್ತೆ ಅಂತ ಸವಾಲು ಹಾಕಿದ್ರು. ಹೌದು, ಅದೇ ಉಪ್ಪು, ಅಮ್ಮನ ನ್ಯಾಟ್ರಂ ಮ್ಯೂರ್. ಊರಿನ ನೂರಕ್ಕೂ ಹೆಚ್ಚು ಜನ ಒಂದು ಹೋಟೆಲಲ್ಲಿ ಸೇರಿದ್ರು. ನೂರು ಸೀಸೆಗೆ ನಂಬರ್ ಹಾಕಿ, ಚೆನ್ನಾಗಿ ಕಲೆಸಿ, ಎರಡು ಪಾಲು ಮಾಡಿ, ಒಂದು ಪಾಲಿಗೆ ಹಿಮ ಕರಗಿಸಿ ಬಟ್ಟಿ ಇಳಿಸಿದ ಬರೀ ನೀರು, ಇನ್ನೊಂದಕ್ಕೆ ಅದೇ ನೀರಲ್ಲಿ ಮೂವತ್ತು ಸಲ ತೆಳು ಮಾಡಿದ ಉಪ್ಪು ತುಂಬಿದ್ರು. ಯಾವ ನಂಬರಲ್ಲಿ ಏನಿದೆ ಅನ್ನೋ ಪಟ್ಟಿಗೆ ಸೀಲ್ ಹಾಕಿಟ್ರು, ಹಂಚೋರಿಗೂ ಗೊತ್ತಿಲ್ಲ, ಕುಡಿಯೋರಿಗೂ ಗೊತ್ತಿಲ್ಲ. ಮೂರು ವಾರ ಆದ್ಮೇಲೆ ಸೇರಿ ಲೆಕ್ಕ ಹಾಕಿದ್ರು. ವರದಿ ಕೊಟ್ಟ 50 ಜನದಲ್ಲಿ 42 ಜನಕ್ಕೆ ಏನೂ ಅನ್ಸಿರ್ಲಿಲ್ಲ. ಏನೋ ಆಯ್ತು ಅಂದೋರು ಎಂಟು ಜನ, ಅದ್ರಲ್ಲಿ ಐದು ಜನ ಉಪ್ಪಿನೋರು, ಮೂರು ಜನ ಬರೀ ನೀರು ಕುಡಿದೋರು.

ನಂಗೆ ಈ ಕತೆ ಅಂದ್ರೆ ಪ್ರಾಣ. ಇವತ್ತು ದೊಡ್ಡ ದೊಡ್ಡ ಆಸ್ಪತ್ರೆಗಳು ಕೋಟಿ ಖರ್ಚು ಮಾಡಿ ಮಾಡೋ ಡಬಲ್ ಬ್ಲೈಂಡ್ ಟ್ರಯಲ್‌ನ ಹೆಚ್ಚುಕಮ್ಮಿ ಪೂರ್ತಿ ರೂಪ ಒಂದು ಹೋಟೆಲಲ್ಲಿ ಕೂತು ಊರಿನವ್ರೇ ಮಾಡಿ ಮುಗ್ಸಿದ್ರು, ಅದೂ ನಮ್ಮಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ.

ಹಾಗಿದ್ರೂ ಹೋಮಿಯೋಪತಿ ಆಗ ಸಾಯ್ಲಿಲ್ಲ, ಅದಕ್ಕೆ ಒಳ್ಳೆ ಕಾರಣಾನೇ ಇದೆ. ಆ ಕಾಲದ ಇಂಗ್ಲಿಷ್ ಡಾಕ್ಟ್ರುಗಳು ರಕ್ತ ಬಸೀತಿದ್ರು, ಪಾದರಸ ಕುಡಿಸ್ತಿದ್ರು. 1854ರಲ್ಲಿ ಲಂಡನ್ನಲ್ಲಿ ಕಾಲರಾ ಬಂದಾಗ ಅಲ್ಲಿನ ಹೋಮಿಯೋಪತಿ ಆಸ್ಪತ್ರೆಗೆ ಸೇರಿದ 61 ಜನರಲ್ಲಿ 10 ಜನ ಸತ್ರು, ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಸೇರಿದೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ರು. ಯಾರನ್ನ ಎಲ್ಲಿ ಸೇರಿಸ್ಕೊಂಡ್ರು, ಎಷ್ಟು ಸೀರಿಯಸ್ ಇದ್ರು ಅನ್ನೋದ್ರಲ್ಲೂ ವ್ಯತ್ಯಾಸ ಇದ್ದಿರ್ಬೋದು, ಆದ್ರೂ ವಾಂತಿ ಭೇದಿಯಾಗಿ ಒಣಗಿರೋ ಮನುಷ್ಯನ ರಕ್ತ ತೆಗೆಯೋಕಿಂತ ಏನೂ ಮಾಡ್ದೆ ಬಿಡೋದೇ ಮೇಲು ಅನ್ನೋದಕ್ಕೆ ಡಾಕ್ಟರ್ ಆಗ್ಬೇಕಿಲ್ಲ. ಹೋಮಿಯೋಪತಿ ಏನೂ ಮಾಡ್ತಿರ್ಲಿಲ್ಲ, ಅದೇ ಆಗ ಅದ್ರ ಹೆಚ್ಚುಗಾರಿಕೆ.

ಈಗಿನ ಕಾಲದ ಅಧ್ಯಯನಗಳಿಗೆ ಬಂದ್ರೆ, ಹೋಮಿಯೋಪತಿ ಪರ ಇರೋ ಗಟ್ಟಿ ಸಾಕ್ಷಿಯಿಂದ್ಲೇ ಶುರು ಮಾಡೋದು ಸರಿ. 1997ರಲ್ಲಿ ಕ್ಲಾಸ್ ಲಿಂಡೆ ಅನ್ನೋ ಜರ್ಮನ್ ಸಂಶೋಧಕರ ತಂಡ 89 ಟ್ರಯಲ್ ಒಟ್ಟುಗೂಡಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ್ರು, ಎಲ್ಲಾನೂ ಬರೀ ನಂಬಿಕೆಯಿಂದ ಆಗ್ತಿದೆ ಅನ್ನೋಕೆ ಈ ಅಂಕಿಅಂಶ ಬಿಡಲ್ಲ, ಹೋಮಿಯೋಪತಿ ಕಡೆ ವಾಲುತ್ತೆ ಅಂತ. ಈ ಪೇಪರ್ ಹೆಸ್ರನ್ನ ಇವತ್ತಿಗೂ ಹೇಳ್ತಾರೆ. ಹೇಳ್ದೆ ಬಿಡೋದು ಎರಡು ವಿಷಯ. ಒಂದು, ಯಾವುದೇ ಒಂದು ಕಾಯಿಲೆಗೆ ಇದು ಕೆಲ್ಸ ಮಾಡುತ್ತೆ ಅಂತ ಹೇಳೋಕೆ ಸಾಕಷ್ಟು ಸಾಕ್ಷಿ ಇಲ್ಲ ಅಂತ ಅದೇ ಪೇಪರಲ್ಲಿದೆ. ಎರಡು, 1999ರಲ್ಲಿ ಅದೇ ಲಿಂಡೆ ಮತ್ತು ಜೊತೆಗಾರರು ಅದೇ ಟ್ರಯಲ್‌ಗಳನ್ನ ಮತ್ತೆ ಜರಡಿ ಹಿಡಿದಾಗ, ಟ್ರಯಲ್ ಎಷ್ಟು ಕಟ್ಟುನಿಟ್ಟಾಗಿ ನಡೆದಿದ್ಯೋ ಎಫೆಕ್ಟ್ ಅಷ್ಟು ಸಣ್ಣದಾಗ್ತಾ ಹೋಯ್ತು, ಅದನ್ನೂ ಅವ್ರೇ ಬರೆದ್ರು. ತಮ್ಮ ಪೇಪರನ್ನೇ ತಾವು ಹಿಂಗೆ ಪರೀಕ್ಷೆಗಿಟ್ಟೋರನ್ನ ನಾನು ಮೆಚ್ಕೊತೀನಿ.

2005ರಲ್ಲಿ ಸ್ವಿಜರ್ಲೆಂಡಿನ ಬರ್ನ್ ಯೂನಿವರ್ಸಿಟಿಯವ್ರು 110 ಹೋಮಿಯೋಪತಿ ಟ್ರಯಲ್ ತಗೊಂಡು, ಅದೇ ತರದ ಕಾಯಿಲೆಗಳ 110 ಇಂಗ್ಲಿಷ್ ಮೆಡಿಸಿನ್ ಟ್ರಯಲ್ ಪಕ್ಕದಲ್ಲಿಟ್ಟು ತೂಕ ಹಾಕಿದ್ರು. ಎರಡೂ ಕಡೆ ಸಣ್ಣ, ಸಡಿಲ ಟ್ರಯಲ್‌ಗಳಲ್ಲಿ ರಿಸಲ್ಟ್ ಭರ್ಜರಿ, ಅಂದ್ರೆ ಉತ್ಪ್ರೇಕ್ಷೆ ಎರಡೂ ಕಡೆ ಇತ್ತು. ದೊಡ್ಡ, ಒಳ್ಳೆ ಗುಣಮಟ್ಟದ್ದನ್ನ ಮಾತ್ರ ಉಳಿಸ್ಕೊಂಡಾಗ ಹೋಮಿಯೋಪತಿಯಲ್ಲಿ 8, ಇಂಗ್ಲಿಷ್ ಮೆಡಿಸಿನ್ನಲ್ಲಿ 6 ಉಳೀತು. ಇಲ್ಲಿ 1 ಬಂದ್ರೆ ಮದ್ದಿಗೂ ಸಕ್ಕರೆಗೂ ವ್ಯತ್ಯಾಸ ಇಲ್ಲ ಅಂತ, 1ಕ್ಕಿಂತ ಕೆಳಗೆ ಹೋದಷ್ಟೂ ಮದ್ದು ಮೇಲು ಅಂತ ಲೆಕ್ಕ. ಇಂಗ್ಲಿಷ್ ಮೆಡಿಸಿನ್‌ಗೆ 0.58 ಬಂತು, ಹೋಮಿಯೋಪತಿಗೆ 0.88, ಅದೂ ಅಂದಾಜಿನ ವ್ಯಾಪ್ತಿ 1ನ್ನ ದಾಟಿ ಆಚೆಗೂ ಹೋಗುತ್ತೆ, ಅಂದ್ರೆ ಏನೂ ಇಲ್ದೆ ಇರೋ ಸಾಧ್ಯತೆಯನ್ನ ತಳ್ಳಿಹಾಕೋಕೆ ಆಗಲ್ಲ. ಬರೀ ಎಂಟೇ ಟ್ರಯಲ್ ಆರಿಸ್ಕೊಂಡ್ರು ಅಂತ ಹೋಮಿಯೋಪತಿಯವ್ರು ಜಗಳ ಆಡಿದ್ರು, ಅದ್ರಲ್ಲಿ ಸ್ವಲ್ಪ ಹುರುಳೂ ಇದೆ, ಎಲ್ಲಿ ಗೆರೆ ಎಳೀತೀವಿ ಅನ್ನೋದ್ರ ಮೇಲೆ ಇಂಥ ನಂಬರ್ ಅಲ್ಲಾಡುತ್ತೆ. ಆದ್ರೆ 2014ರಲ್ಲಿ ಬ್ರಿಟನ್ನಿನ ಹೋಮಿಯೋಪತಿ ಸಂಸ್ಥೆಯಲ್ಲೇ ಇದ್ದ ರಾಬರ್ಟ್ ಮ್ಯಾಥಿ, ಒಬ್ಬೊಬ್ಬ ರೋಗಿಯನ್ನ ನೋಡಿ ಔಷಧಿ ಆರಿಸಿ ಕೊಟ್ಟ ಟ್ರಯಲ್‌ಗಳನ್ನೇ ಒಟ್ಟು ಮಾಡಿದಾಗ, ಅವ್ರಿಗೂ ಸಿಕ್ಕಿದ್ದು ಸಣ್ಣ ಎಫೆಕ್ಟ್, ಜೊತೆಗೆ ಟ್ರಯಲ್‌ಗಳ ಗುಣಮಟ್ಟ ಕಮ್ಮಿ ಇರೋದ್ರಿಂದ ಹುಷಾರಾಗಿ ಓದ್ಕೊಳ್ಳಿ ಅನ್ನೋ ಎಚ್ಚರಿಕೆ. 2015ರಲ್ಲಿ ಆಸ್ಟ್ರೇಲಿಯಾ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ 61 ಕಾಯಿಲೆಗಳ ಮೇಲಿನ 176 ಅಧ್ಯಯನ ನೋಡಿ, ಹೋಮಿಯೋಪತಿ ಪರಿಣಾಮಕಾರಿ ಅನ್ನೋಕೆ ನಂಬಬಹುದಾದ ಸಾಕ್ಷಿ ಇರೋ ಕಾಯಿಲೆ ಒಂದೂ ಇಲ್ಲ ಅಂತು.

ಇಷ್ಟೆಲ್ಲ ಪ್ರಕಟ ಆಗಿರೋದ್ರ ಲೆಕ್ಕ. ಪ್ರಕಟ ಆಗ್ದೆ ಡ್ರಾಯರಲ್ಲಿ ಉಳಿದಿದ್ದು? 2022ರಲ್ಲಿ ಆಸ್ಟ್ರಿಯಾದ ಸಂಶೋಧಕರು ಅದನ್ನೇ ಹುಡುಕಿದಾಗ, 2002ರಿಂದ ಈಚೆಗೆ ಮುಂಚೆಯೇ ಹೆಸರು ನೋಂದಾಯಿಸಿದ್ದ ಹೋಮಿಯೋಪತಿ ಟ್ರಯಲ್‌ಗಳಲ್ಲಿ ಸುಮಾರು 38 ಪರ್ಸೆಂಟ್ ಪ್ರಕಟಾನೇ ಆಗಿರ್ಲಿಲ್ಲ, ಪ್ರಕಟ ಆಗಿದ್ದ ಟ್ರಯಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನೋಂದಣಿನೇ ಮಾಡಿಸಿರ್ಲಿಲ್ಲ. ಪರೀಕ್ಷೆಗೆ ಹತ್ತು ಸಬ್ಜೆಕ್ಟ್ ಬರೆದು ಪಾಸಾದ ಆರರ ಮಾರ್ಕ್ಸ್ ಕಾರ್ಡ್ ಮಾತ್ರ ಮನೇಲಿ ತೋರ್ಸೋ ಹುಡ್ಗನ ಕತೆ ಇದು. ಇಂಗ್ಲಿಷ್ ಔಷಧಿ ಕಂಪನಿಗಳೂ ಇದನ್ನ ಮಾಡಿವೆ, ಅದು ಬೇರೆ ರಾಮಾಯಣ.

ಇದನ್ನೆಲ್ಲ ಹೇಳಿದ್ರೆ ಎದುರಿಗಿರೋರು ಕೇಳೋದು ಒಂದೇ ಮಾತು, "ಅದೆಲ್ಲ ಇರ್ಲಿ ಸ್ವಾಮಿ, ನಂಗೆ ವಾಸಿ ಆಯ್ತಲ್ಲ?" ನಮ್ಮ ಬೀದೀಲಿ ಒಬ್ರಿಗೆ ಕಿಡ್ನಿ ಸ್ಟೋನ್ ಆಗಿತ್ತು, ಬರ್ಬೆರಿಸ್ ಅನ್ನೋ ಹೋಮಿಯೋಪತಿ ಹನಿ ತಗೊಂಡ್ರು, ದಿನಕ್ಕೆ ಮೂರು ಲೀಟರ್ ನೀರು ಕುಡೀರಿ ಅಂತಾನೂ ಹೇಳಿದ್ರಂತೆ, ಕಲ್ಲು ಬಿತ್ತು. ವಾಸಿ ಆಗಿದ್ದು ನಿಜ. ಆದ್ರೆ 5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲು ಬಹುಪಾಲು ಜನಕ್ಕೆ ತಾನಾಗೇ ಬೀಳುತ್ತೆ. ಮಕ್ಕಳ ಕೈ ಮೇಲಿನ ನರಹುಲಿಗೆ ಥೂಜಾ ಹಚ್ದೆ ಇರೋ ಮನೆ ಮೈಸೂರಲ್ಲಿ ಎಷ್ಟಿವೆಯೋ ಗೊತ್ತಿಲ್ಲ, ಆ ನರಹುಲಿಗಳಲ್ಲಿ ಹೆಚ್ಚಿನವು ಒಂದೆರಡು ವರ್ಷದಲ್ಲಿ ಏನೂ ಮಾಡ್ದೆ ಇದ್ರೂ ಉದುರುತ್ತವೆ. ನೆಗಡಿಗೆ ಮದ್ದು ತಗೊಂಡ್ರೆ ಏಳು ದಿನ, ತಗೊಳ್ದೆ ಇದ್ರೆ ಒಂದು ವಾರ ಅಂತ ನಮ್ಮ ಕಡೆ ಹೇಳಲ್ವಾ, ಹಂಗೆ. ಮೈಗ್ರೇನು, ಅಲರ್ಜಿ, ಕಜ್ಜಿ, ಮಂಡಿನೋವು ಇವೆಲ್ಲ ಏರಿಳಿತದ ಕಾಯಿಲೆಗಳು, ನಾವು ಡಾಕ್ಟ್ರ ಹತ್ರ ಓಡೋದು ಏರಿದಾಗ, ಏರಿದ್ದು ಇಳಿಯೋದು ಅದ್ರ ಸ್ವಭಾವ, ಇಳಿಯೋ ಹೊತ್ತಿಗೆ ಬಾಯಲ್ಲಿ ಯಾವ ಗುಳಿಗೆ ಇತ್ತೋ ಅದಕ್ಕೆ ಕ್ರೆಡಿಟ್ಟು.

ಇಳೀದೆ ಇನ್ನೂ ಏರಿದ್ರೆ? ಅದಕ್ಕೂ ಉತ್ತರ ರೆಡಿ ಇದೆ, "ಮೊದ್ಲು ಜಾಸ್ತಿ ಆಗಿ ಆಮೇಲೆ ಕಮ್ಮಿ ಆಗುತ್ತೆ, ಔಷಧಿ ಹಿಡೀತಿದೆ ಅಂತ ಅರ್ಥ." ಏನೂ ಆಗ್ದೆ ಇದ್ರೆ ನೀವು ಈರುಳ್ಳಿ ತಿಂದಿರ್ತೀರಿ, ಇಲ್ಲ ಪೊಟೆನ್ಸಿ, ಅಂದ್ರೆ ಬಾಟ್ಲು ಮೇಲಿನ ಆ 30, 200 ಅನ್ನೋ ನಂಬರ್, ಬದ್ಲಾಯಿಸ್ಬೇಕು. ಹೆಚ್ಚಾದ್ರೂ ಗೆಲುವು, ಕಮ್ಮಿಯಾದ್ರೂ ಗೆಲುವು, ಹಂಗೇ ಇದ್ರೂ ಗೆಲುವು. ಸೋಲೋದೇ ಗೊತ್ತಿಲ್ದ ಮದ್ದಿನ ಮೇಲೆ ನಂಗಂತೂ ಡೌಟೇ.

ಹಸುಗೂ ಕೆಲ್ಸ ಮಾಡುತ್ತಲ್ಲ, ಹಸು ಏನು ನಂಬಿಕೆ ಇಟ್ಕೊಂಡು ಗುಳಿಗೆ ತಿನ್ನುತ್ತಾ ಅನ್ನೋ ವಾದ ಮಂಡ್ಯ ಕಡೆ ಜಾಸ್ತಿ ಕೇಳ್ತೀನಿ, ಡೈರಿಗೆ ಹಾಲು ಹಾಕೋ ಮನೆಗಳಲ್ಲಿ ಕೆಚ್ಚಲು ಬಾವು ಬಂತು ಅಂದ್ರೆ ಆ ತಿಂಗಳ ಬಟವಾಡೆಗೇ ಏಟು, ಜನ ಎಲ್ಲಾ ಮಾಡಿ ನೋಡ್ತಾರೆ. ನಾರ್ವೆಯಲ್ಲಿ ಇದನ್ನ ಸರಿಯಾಗಿ ಪರೀಕ್ಷೆ ಮಾಡಿ 2004ರಲ್ಲಿ ಪ್ರಕಟ ಮಾಡಿದ್ರು, ಕೆಚ್ಚಲು ಬಾವು ಬಂದ 57 ಹಸುಗಳಲ್ಲಿ ಕೆಲವಕ್ಕೆ ಹೋಮಿಯೋಪತಿ, ಕೆಲವಕ್ಕೆ ಆಂಟಿಬಯೋಟಿಕ್, ಕೆಲವಕ್ಕೆ ಏನೂ ಇಲ್ದ ಸುಳ್ಳು ಮದ್ದು. ಹೋಮಿಯೋಪತಿ ತಗೊಂಡ ಹಸುಗಳಲ್ಲಿ ಮೂರರಲ್ಲಿ ಎರಡು ಭಾಗ ಏಳು ದಿನದಲ್ಲಿ ಸುಧಾರಿಸ್ಕೊಂಡ್ವು. ಸುಳ್ಳು ಮದ್ದು ತಗೊಂಡವುಗಳಲ್ಲೂ ಮೂರರಲ್ಲಿ ಎರಡು ಭಾಗ. ನಂಬಿಕೆ ಇರ್ಬೇಕಾಗಿದ್ದು ಹಸುಗಲ್ಲ, ಪಕ್ಕದಲ್ಲಿ ಚೆಂಬು ಹಿಡ್ಕೊಂಡು ನಿಂತು ನೋಡೋ ನಮ್ಗೆ. ಚಿಕ್ಕ ಮಕ್ಕಳ ವಿಷಯದಲ್ಲೂ ಅಷ್ಟೇ, ಮಗು ಅಳು ಕಮ್ಮಿ ಮಾಡ್ತು ಅಂತ ಹೇಳೋದು ಮಗು ಅಲ್ಲ, ಅಮ್ಮ.

ಒಂದು ವಿಷಯ ಮಾತ್ರ ಹೋಮಿಯೋಪತಿ ಡಾಕ್ಟ್ರುಗಳ ಪರವಾಗಿ ಹೇಳ್ಲೇಬೇಕು. ನಾನೇ ಒಂದು ಸಲ ಅಮ್ಮನ್ನ ಕರ್ಕೊಂಡು ಹೋಗಿದ್ದೆ, ಮುಕ್ಕಾಲು ಗಂಟೆ ಕೂರಿಸ್ಕೊಂಡು, ನಿದ್ದೆ ಹೆಂಗೆ ಬರುತ್ತೆ, ಕನಸಲ್ಲಿ ಏನು ಕಾಣುತ್ತೆ, ಹುಳಿ ಇಷ್ಟಾನಾ ಸಿಹಿ ಇಷ್ಟಾನಾ, ಅಪ್ಪ ತೀರ್ಕೊಂಡ್ಮೇಲೆ ಒಬ್ರೇ ಇದ್ದಾಗ ಏನನ್ಸುತ್ತೆ ಅಂತೆಲ್ಲ ಕೇಳಿದ್ರು. ಅಪ್ಪ ಹೋದ್ಮೇಲೆ ಅಮ್ಮಂಗೆ ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಆ ಡಾಕ್ಟ್ರು, ನಾನೂ ಕೇಳಿರ್ಲಿಲ್ಲ. ಅದೇ ದೊಡ್ಡ ಆಸ್ಪತ್ರೆ ಓಪಿಡಿಯಲ್ಲಿ ಟೋಕನ್ ಹಿಡ್ಕೊಂಡು ಮೂರು ಗಂಟೆ ಕಾದು ಒಳಗೆ ಹೋದ್ರೆ ಮೂರು ನಿಮಿಷ, ಡಾಕ್ಟ್ರು ಮುಖ ಎತ್ತಿ ನೋಡಿರಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ನಲ್ಲಿ ಕೀಲುವಾತದ 83 ಜನರ ಮೇಲೆ ಒಂದು ಅಧ್ಯಯನ ಮಾಡಿ 2011ರಲ್ಲಿ ಪ್ರಕಟ ಮಾಡಿದ್ರು, ಅದ್ರಲ್ಲಿ ಮಾತುಕತೆಯನ್ನೂ ಗುಳಿಗೆಯನ್ನೂ ಬೇರೆ ಬೇರೆ ಮಾಡಿ ನೋಡಿದ್ರು, ಕೆಲವ್ರಿಗೆ ಮಾತುಕತೆ ಇತ್ತು, ಕೆಲವ್ರಿಗೆ ಬರೀ ಗುಳಿಗೆ, ಆ ಗುಳಿಗೆಯಲ್ಲೂ ಅಸಲಿ ನಕಲಿ. ಜನಕ್ಕೆ ಸಹಾಯ ಆಗಿದ್ದು ಮಾತುಕತೆಯಿಂದ, ಗುಳಿಗೆ ಅಸಲಿಯೋ ನಕಲಿಯೋ ಅನ್ನೋದ್ರಿಂದ ವ್ಯತ್ಯಾಸ ಆಗ್ಲಿಲ್ಲ. ನಾವು ಕೊಡೋ ದುಡ್ಡು ಆ ಮುಕ್ಕಾಲು ಗಂಟೆಗೆ ಅಂತ ಅಂದ್ಕೊಂಡ್ರೆ ಮೋಸ ಏನೂ ಇಲ್ಲ, ನಮ್ಮ ಓಪಿಡಿಗಳು ಆ ಕಡೆ ಹೋಗಿ ಸ್ವಲ್ಪ ಕಲೀಬೇಕು ಕೂಡ.

ಸರ್ಕಾರಾನೇ ಕಾಲೇಜು ನಡೆಸುತ್ತೆ, ಬಿಎಚ್‌ಎಂಎಸ್ ಅನ್ನೋ ಹೋಮಿಯೋಪತಿ ಡಿಗ್ರಿಗೆ ಐದೂವರೆ ವರ್ಷ ಓದ್ಬೇಕು, ಸುಳ್ಳಾಗಿದ್ರೆ ಸರ್ಕಾರ ಬಿಡ್ತಿತ್ತಾ ಅನ್ನೋದು ಇನ್ನೊಂದು. 1973ರಲ್ಲಿ ಕೇಂದ್ರ ಮಂಡಳಿ ಕಾಯ್ದೆ ಬಂತು, 2020ರಲ್ಲಿ ಅದ್ರ ಜಾಗಕ್ಕೆ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು, ಇವೆಲ್ಲ ಯಾರು ಓದ್ಬೇಕು, ಯಾರು ಪ್ರಾಕ್ಟೀಸ್ ಮಾಡ್ಬೋದು ಅನ್ನೋದನ್ನ ಹೇಳ್ತವೆ, ಗುಳಿಗೆ ಕೆಲ್ಸ ಮಾಡುತ್ತಾ ಅನ್ನೋದನ್ನಲ್ಲ. 2020ರ ಜನವರಿ ಕೊನೇಲಿ, ಕೊರೋನಾ ಇನ್ನೂ ಸರಿಯಾಗಿ ಹೆಸರು ಪಡ್ಕೊಂಡಿರ್ಲಿಲ್ಲ, ಆಯುಷ್ ಮಂತ್ರಾಲಯ ಆರ್ಸೆನಿಕಂ ಆಲ್ಬಂ 30ನ್ನ ಮೂರು ದಿನ ಖಾಲಿ ಹೊಟ್ಟೇಲಿ ತಗೊಳ್ಳಿ ಅಂತ ಸಲಹೆ ಕೊಟ್ತು. ಆ ವೈರಸ್ ಮೇಲೆ ಆ ಔಷಧಿಯ ಒಂದು ಟ್ರಯಲ್ ಕೂಡ ಆಗ ಇರ್ಲಿಲ್ಲ, ಇರೋಕೆ ಸಾಧ್ಯಾನೂ ಇರ್ಲಿಲ್ಲ. ನಮ್ಮ ಬೀದೀಲೂ ಹಂಚಿದ್ರು, ತಗೊಂಡ್ವಿ, ಕೆಲವ್ರಿಗೆ ಕೊರೋನಾ ಬಂತು ಕೆಲವ್ರಿಗೆ ಬರ್ಲಿಲ್ಲ, ಬರ್ದೆ ಇದ್ದೋರು ಇವತ್ತಿಗೂ ಅದ್ರ ಹೆಸರು ಹೇಳ್ತಾರೆ. ಸರ್ಕಾರದ ಮಾತೇ ಸಾಕ್ಷಿ ಅನ್ನೋದಾದ್ರೆ ಇಂಗ್ಲೆಂಡ್ 2017ರಲ್ಲಿ ಸರ್ಕಾರಿ ಡಾಕ್ಟ್ರುಗಳು ಇದನ್ನ ಬರೆಯೋದು ಬೇಡ ಅಂತು, ಫ್ರಾನ್ಸ್ 2021ರಿಂದ ಇದಕ್ಕೆ ವಿಮೆ ಹಣ ಕೊಡೋದು ನಿಲ್ಲಿಸ್ತು. ಯಾವ ಸರ್ಕಾರದ ಮಾತು ಕೇಳೋಣ?

ಸೈಡ್ ಎಫೆಕ್ಟ್ ಇಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. 30ಸಿ, 200ಸಿಗೆ ನಿಜ, ಒಳಗೆ ಏನಾದ್ರೂ ಇದ್ರೆ ತಾನೇ. ಮದರ್ ಟಿಂಚರಲ್ಲಿ, ಅಂದ್ರೆ ಇನ್ನೂ ತೆಳು ಮಾಡ್ದೆ ಇರೋ ಮೂಲ ಔಷಧಿಯಲ್ಲಿ, ಕಮ್ಮಿ ಪೊಟೆನ್ಸಿಯಲ್ಲೂ ಮೂಲ ವಸ್ತು ಇರುತ್ತೆ, ಅಮೆರಿಕದಲ್ಲಿ ಮಕ್ಕಳಿಗೆ ಹಲ್ಲು ಬರೋವಾಗ ಕೊಡೋ ಹೋಮಿಯೋಪತಿ ಮಾತ್ರೆಗಳಲ್ಲಿ ಬೆಲ್ಲಡೋನಾ ಅನ್ನೋ ವಿಷದ ಪ್ರಮಾಣ ಒಂದೊಂದ್ರಲ್ಲಿ ಒಂದೊಂದು ತರ ಇರೋದು 2017ರಲ್ಲಿ ಅಲ್ಲಿನ ಔಷಧ ಇಲಾಖೆಗೆ ಸಿಕ್ತು.

ಆದ್ರೆ ನಾನು ಇಷ್ಟುದ್ದ ಬರೆಯೋಕೆ ಕಾರಣ ಇದ್ಯಾವ್ದೂ ಅಲ್ಲ. ನನ್ನ ತಂಗಿ ಮಗ, ಮದ್ದೂರು ಪಕ್ಕದ ಹಳ್ಳಿ, ಒಂಬತ್ತು ವರ್ಷ, ಉಬ್ಬಸ ಇದೆ. ಕಬ್ಬು ಕಟಾವಾಗಿ ತರಗಿಗೆ ಬೆಂಕಿ ಹಾಕೋ ಕಾಲ ಬಂದ್ರೆ ರಾತ್ರಿ ಎದೆ ಗೊರಗೊರ ಅನ್ನುತ್ತೆ. ಮಕ್ಕಳ ಡಾಕ್ಟ್ರು ದಿನಾ ಎರಡು ಸಲ ಎಳೆಯೋ ಇನ್ಹೇಲರ್ ಕೊಟ್ಟಿದ್ರು. ಪಂಪು ಅಭ್ಯಾಸ ಆಗ್ಬಿಡುತ್ತೆ, ಸ್ಟಿರಾಯ್ಡು ಬೇರೆ, ಹುಡ್ಗನ ಬೆಳವಣಿಗೆ ನಿಂತೋಗುತ್ತೆ ಅಂತ ಊರಲ್ಲಿ ಯಾರೋ ಹೆದ್ರಿಸಿದ್ರು, ಒಬ್ರು ಹೋಮಿಯೋಪತಿ ಡಾಕ್ಟ್ರ ಹತ್ರ ಹೋದ್ರು, ಅವ್ರು ಪಂಪು ನಿಧಾನಕ್ಕೆ ಕಮ್ಮಿ ಮಾಡಿ ಅಂದ್ರಂತೆ, ಇವ್ಳು ಒಂದೇ ವಾರಕ್ಕೆ ನಿಲ್ಲಿಸಿದ್ಲು. ಎರಡು ತಿಂಗಳು ಫೋನ್ ಮಾಡಿದಾಗೆಲ್ಲ, "ವಸಿ ಪರ್ವಾಗಿಲ್ಲ ಕಣಣ್ಣ, ಮಗ ಚೆನ್ನಾಗವ್ನೆ, ಅವ್ನೇ ಏಳ್ತಾನೆ ಈಗ ದಮ್ಮು ಕಟ್ಟಲ್ಲ ಅಂತ" ಅಂತಿದ್ಲು. ಮೂರನೇ ತಿಂಗಳು ರಾತ್ರಿ ಎರಡು ಗಂಟೆಗೆ ಭಾವ ಫೋನ್ ಮಾಡಿದ್ರು, ಹುಡ್ಗನ ತುಟಿ ನೀಲಿ ತಿರುಗಿತ್ತು, ಮಾತಾಡೋಕೆ ಉಸಿರಿಲ್ಲ, ಮಂಡ್ಯಕ್ಕೆ ಕಾರಲ್ಲಿ ಕರ್ಕೊಂಡು ಹೋಗಿ ಆಕ್ಸಿಜನ್, ನೆಬ್ಯುಲೈಜರ್, ನಾಲ್ಕು ದಿನ ಅಡ್ಮಿಟ್. ಉಳ್ಕೊಂಡ.

ತಂಗಿ ಸುಳ್ಳು ಹೇಳ್ತಿರ್ಲಿಲ್ಲ, ಹುಡ್ಗನೂ ಹೇಳ್ತಿರ್ಲಿಲ್ಲ ಅನ್ನೋದು ನಂಗೆ ಅರ್ಥ ಆಗಿದ್ದು ಆಮೇಲೆ, ಅಮೆರಿಕದಲ್ಲಿ ಮಾಡಿ 2011ರಲ್ಲಿ ಪ್ರಕಟ ಆದ ಒಂದು ಅಧ್ಯಯನ ಓದಿದಾಗ. ಅದು ಹೋಮಿಯೋಪತಿ ಮೇಲಿನದ್ದಲ್ಲ, ಬರೀ ಸುಳ್ಳು ಮದ್ದು ಏನು ಮಾಡುತ್ತೆ ಅನ್ನೋದ್ರ ಮೇಲಿನದ್ದು. ಉಬ್ಬಸ ಇರೋ 39 ಜನ, ಒಬ್ಬೊಬ್ರಿಗೂ ಬೇರೆ ಬೇರೆ ದಿನ ನಾಲ್ಕು ತರ: ನಮ್ಮಲ್ಲಿ ನೀಲಿ ಪಂಪಲ್ಲಿ ಬರೋ ಸಾಲ್ಬುಟಮಾಲ್, ಏನೂ ಇಲ್ದ ಪಂಪು, ಸೂಜಿ ಚುಚ್ಚೋ ಹಾಗೆ ನಾಟಕ, ಇಲ್ಲಾ ಏನೂ ಮಾಡ್ದೆ ಸುಮ್ನೆ ಕೂರಿಸೋದು. ಆಮೇಲೆ ಹೆಂಗಿದೆ ಅಂತ ಕೇಳಿದಾಗ ನಿಜವಾದ ಪಂಪಿಗೆ 50 ಪರ್ಸೆಂಟ್ ಸುಧಾರಿಸ್ತು ಅಂದ್ರು, ಸುಳ್ಳು ಪಂಪಿಗೆ 45, ಸುಳ್ಳು ಸೂಜಿಗೆ 46, ಸುಮ್ನೆ ಕೂತಿದ್ದಕ್ಕೆ 21. ಮೊದಲ ಮೂರೂ ಹೆಚ್ಚುಕಮ್ಮಿ ಒಂದೇ. ಆದ್ರೆ ಮಷಿನ್‌ಗೆ ಊದಿಸಿ ಅಳೆದಾಗ ನಿಜವಾದ ಪಂಪಿಂದ ಉಸಿರು 20 ಪರ್ಸೆಂಟ್ ಜಾಸ್ತಿ ಆಗಿತ್ತು, ಉಳಿದ ಮೂರಕ್ಕೂ ಸುಮಾರು 7. ಸುಮ್ನೆ ಕೂತಿದ್ದಕ್ಕೆ ಎಷ್ಟೋ ಸುಳ್ಳು ಪಂಪಿಗೂ ಅಷ್ಟೇ.

ಅಂದ್ರೆ ಎದೆ ಹಗುರ ಆಯ್ತು ಅಂತ ನಿಜವಾಗ್ಲೂ ಅನ್ಸಿತ್ತು, ಶ್ವಾಸನಾಳ ಮಾತ್ರ ಹಂಗೇ ಬಿಗ್ಕೊಂಡಿತ್ತು. ತಲೆನೋವಲ್ಲಿ ಅನ್ಸೋದೇ ಕಾಯಿಲೆ, ಅನ್ಸೋದು ಕಮ್ಮಿ ಆದ್ರೆ ಕಾಯಿಲೆ ಕಮ್ಮಿ ಆದ ಹಾಗೇ, ಅದಕ್ಕೇ ಅಮ್ಮನ ನ್ಯಾಟ್ರಂ ಮ್ಯೂರ್ ಬಗ್ಗೆ ನಾನು ಈಗ ಜಗಳ ಆಡಲ್ಲ. ಉಬ್ಬಸ, ಶುಗರ್, ಬಿಪಿ, ಮೂರ್ಛೆ, ಟಿಬಿ ಇವುಗಳಲ್ಲಿ ಅನ್ಸೋದು ಬೇರೆ, ಒಳಗೆ ನಡೆಯೋದು ಬೇರೆ. ಗುಳಿಗೆ ಕೆಲ್ಸ ಮಾಡ್ದೆ ಇರೋದ್ರಿಂದ ಅಲ್ಲ, ಕೆಲ್ಸ ಮಾಡಿದ ಹಾಗೆ ಅನ್ಸಿದ್ರಿಂದ ನಮ್ಮ ಹುಡ್ಗ ಸಾಯೋಕೆ ಹೋಗಿದ್ದ.

ಆಸ್ಪತ್ರೆಯಿಂದ ಬಂದ್ಮೇಲೆ ನಾನು ಮೈಸೂರಿಂದ ಒಂದು ಪೀಕ್ ಫ್ಲೋ ಮೀಟರ್ ತಗೊಂಡು ಹೋಗಿ ಕೊಟ್ಟೆ, ಪ್ಲಾಸ್ಟಿಕ್ ಕೊಳವೆ, ಪಕ್ಕದಲ್ಲಿ ಮುಳ್ಳು, ಜೋರಾಗಿ ಊದಿದ್ರೆ ನಂಬರ್ ತೋರ್ಸುತ್ತೆ, ಅದಕ್ಕೆ ಯಾರ ಮೇಲೂ ನಂಬಿಕೆ ಇಲ್ಲ. "ಇದ್ಯಾಕಣ್ಣ, ನೋಡಿದ್ರೆ ಗೊತ್ತಾಗಲ್ವ" ಅಂದ್ಲು ತಂಗಿ. ಗೊತ್ತಾಗಲ್ಲ ಕಣವ್ವ ಅಂದೆ. ಈಗ ಹಾಲಿನ ಲೆಕ್ಕ ಬರೆಯೋ ಪುಸ್ತಕದ ಹಿಂದಿನ ಪುಟದಲ್ಲಿ ದಿನಾ ಬೆಳಿಗ್ಗೆ ಬರೀತಾಳೆ, ಪಂಪು ಟಿವಿ ಪಕ್ಕದಲ್ಲಿರುತ್ತೆ, ಸಕ್ಕರೆ ಗುಳಿಗೆ ಬಾಟ್ಲೂ ಅದ್ರ ಪಕ್ಕದಲ್ಲೇ ಇರುತ್ತೆ, ಅದನ್ನೂ ಕೊಡ್ತಾಳೆ, ನಾನು ಕೇಳೋಕೆ ಹೋಗಲ್ಲ. ಆಸ್ಪತ್ರೆಯಿಂದ ಬಂದ ವಾರ 130 ಇತ್ತು. ಹೋದ ಭಾನುವಾರ ಪುಸ್ತಕ ತಿರುಗಿಸಿ ನೋಡ್ದೆ, ಹಾಲು ಆರೂವರೆ ಲೀಟರ್, ಹುಡ್ಗ 220.